ಗಣಿಯೂರಿನ ಒಂಬತ್ತನೇ ನಂಬರು

1967ರ ಏಪ್ರಿಲ್ 1ರಂದು ಪ್ಯಾರಿಸ್‌ನಲ್ಲಿ ಫ್ರಾನ್ಸ್ ವಿರುದ್ಧ ವೇಲ್ಸ್ ದೇಶದ ಕೆಂಪು ಜೆರ್ಸಿ ತೊಟ್ಟು ಮೈದಾನಕ್ಕಿಳಿದಾಗ ಗ್ಯಾರೆತ್ ಎಡ್ವರ್ಡ್ಸ್‌ಗೆ 19 ವರ್ಷ. 1978ರ ಮಾರ್ಚ್ 18ರಂದು ಕಾರ್ಡಿಫ್‌ನಲ್ಲಿ ಅದೇ ಫ್ರಾನ್ಸ್ ವಿರುದ್ಧ ಕೊನೆಯ ಸಲ ಆಡಿದಾಗ 30. ನಡುವಿನ ಹನ್ನೊಂದು ವರ್ಷಗಳಲ್ಲಿ ಅವರು ವೇಲ್ಸ್ ಪರವಾಗಿ ಒಂದನ್ನೂ ತಪ್ಪಿಸದೆ ಸತತ 53 ಅಂತರರಾಷ್ಟ್ರೀಯ ರಗ್ಬಿ ಪಂದ್ಯಗಳನ್ನು ಆಡಿದರು. ಗಾಯವಾಗಿದೆ ಎಂದು ಒಂದು ಪಂದ್ಯಕ್ಕೂ ಗೈರಾಗಲಿಲ್ಲ. ಲಯ ತಪ್ಪಿದ್ದಾರೆ ಎಂದು ಆಯ್ಕೆಗಾರರು ಒಮ್ಮೆಯೂ ಅವರನ್ನು ಕೈಬಿಡಲಿಲ್ಲ. ಎದುರಾಳಿಗಳು ಮೈಮೇಲೆ ಬಂದು ಬೀಳುವ ಆಟದಲ್ಲಿ, ಅದರಲ್ಲೂ ಏಟು ಹೆಚ್ಚು ಬೀಳುವ ಒಂಬತ್ತನೇ ನಂಬರಿನ ಸ್ಥಾನದಲ್ಲಿ, ಇದು ನಂಬಲು ಕಷ್ಟವಾಗುವ ದಾಖಲೆ.

2003ರಲ್ಲಿ 'ರಗ್ಬಿ ವರ್ಲ್ಡ್' ಪತ್ರಿಕೆ ಅಂತರರಾಷ್ಟ್ರೀಯ ಆಟಗಾರರ ಅಭಿಪ್ರಾಯ ಕೇಳಿದಾಗ ಸಾರ್ವಕಾಲಿಕ ಶ್ರೇಷ್ಠ ಆಟಗಾರ ಎಂಬ ಸ್ಥಾನ ಎಡ್ವರ್ಡ್ಸ್‌ಗೆ ಸಿಕ್ಕಿತು. ಶ್ರೇಷ್ಠರು ಯಾರು ಎಂಬ ಚರ್ಚೆ ಎಲ್ಲ ಆಟಗಳಲ್ಲೂ ಇದೆ, ಅದಕ್ಕೆ ಕೊನೆಯೂ ಇಲ್ಲ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಇನ್ನೊಂದು ಪ್ರಶ್ನೆ: ಆಗ ಮೂವತ್ತು ಲಕ್ಷ ಜನರೂ ಇಲ್ಲದಿದ್ದ ಪುಟ್ಟ ನಾಡಿನ ಕಲ್ಲಿದ್ದಲು ಗಣಿಯೂರೊಂದರಲ್ಲಿ ಇಂಥ ಆಟಗಾರ ಬೆಳೆದದ್ದು ಹೇಗೆ? ಉತ್ತರ ಹುಡುಕುತ್ತ ಹೋದರೆ ಸಿಗುವುದು ಒಬ್ಬನ ಸಾಹಸಗಾಥೆಯಲ್ಲ. ಹಟ ಹಿಡಿದ ಒಬ್ಬ ಮೇಷ್ಟ್ರು, ಮಾತು ಕೊಟ್ಟು ಉಳಿಸಿಕೊಂಡ ಒಬ್ಬ ಜೊತೆಗಾರ, ಸೋಲಿನಿಂದ ಪಾಠ ಕಲಿತ ಒಂದು ತಂಡ, ಹಣ ಕೊಡದಿದ್ದರೂ ಮಾನ ಕೊಟ್ಟ ಒಂದು ಸಮಾಜ, ಇವೆಲ್ಲ ಸೇರಿ ಹೆಣೆದ ಬದುಕು ಅದು.

ಒಂಬತ್ತು ಮತ್ತು ಹತ್ತು

ರಗ್ಬಿ ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿಲ್ಲ. ಆದ್ದರಿಂದ ಆಟದ ಬಗ್ಗೆ ನಾಲ್ಕು ಮಾತು. ರಗ್ಬಿ ಯೂನಿಯನ್‌ನಲ್ಲಿ ತಂಡಕ್ಕೆ 15 ಆಟಗಾರರು. ಚೆಂಡು ಮೊಟ್ಟೆಯಾಕಾರದ್ದು. ಅದನ್ನು ಹಿಡಿದು ಮುಂದಕ್ಕೆ ಓಡಬಹುದು, ಕಾಲಿನಿಂದ ಮುಂದಕ್ಕೆ ಒದೆಯಬಹುದು. ಆದರೆ ಕೈಯಿಂದ ಜೊತೆಗಾರನಿಗೆ ಎಸೆಯುವಾಗ ಪಕ್ಕಕ್ಕೆ ಇಲ್ಲವೇ ಹಿಂದಕ್ಕೆ ಮಾತ್ರ ಎಸೆಯಬೇಕು. ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ಅದು 'ಟ್ರೈ'. ಎಡ್ವರ್ಡ್ಸ್ ಆಡಲು ಬಂದಾಗ ಒಂದು ಟ್ರೈಗೆ 3 ಅಂಕ, 1971ರ ನಂತರ 4, ಈಗ 5.

ಮೊದಲ ಎಂಟು ಮಂದಿ ದೈತ್ಯದೇಹಿಗಳು. ಅವರು ಹೆಗಲಿಗೆ ಹೆಗಲು ಕೊಟ್ಟು, ತಲೆ ತಗ್ಗಿಸಿ, ಎದುರಾಳಿಯ ಎಂಟು ಮಂದಿಯನ್ನು ತಳ್ಳುವ ಕ್ರಮಕ್ಕೆ 'ಸ್ಕ್ರಮ್' ಎಂದು ಹೆಸರು. ಹಿಂದೆ ನಿಂತ ಏಳು ಮಂದಿ ಚುರುಕು ಕಾಲಿನವರು. ಓಡಿ ಅಂಕ ತರುವವರು. ಈ ಎರಡು ಗುಂಪುಗಳ ನಡುವೆ ನಿಂತವನೇ ಒಂಬತ್ತನೇ ನಂಬರಿನ ಸ್ಕ್ರಮ್-ಹಾಫ್. ಎಂಟು ಮಂದಿಯ ಕಾಲುಗಳ ಸಂದಿಯಿಂದ ಹೊರಬಂದ ಚೆಂಡನ್ನು ಬಗ್ಗಿ ಎತ್ತಿ, ಹತ್ತನೇ ನಂಬರಿನ ಫ್ಲೈ-ಹಾಫ್ ಕೈಗೆ ಮುಟ್ಟಿಸುವುದು ಅವನ ಕೆಲಸ. ಇಲ್ಲವೇ ತಾನೇ ಓಡಬೇಕು, ಇಲ್ಲವೇ ಒದೆಯಬೇಕು. ಮೂರರಲ್ಲಿ ಯಾವುದು ಎಂದು ತೀರ್ಮಾನಿಸಲು ಅವನಿಗೆ ಸಿಗುವುದು ಒಂದೆರಡು ಸೆಕೆಂಡು. ಅಷ್ಟರಲ್ಲಿ ಎದುರಾಳಿಯ ದಾಂಡಿಗರು ಮೇಲೆ ಬಿದ್ದಿರುತ್ತಾರೆ. ತಂಡದ ಎಲ್ಲ ಯೋಜನೆಗಳೂ ಅವನ ಎರಡು ಕೈಗಳ ಮೂಲಕವೇ ಹಾದುಹೋಗಬೇಕು.

ಎಡ್ವರ್ಡ್ಸ್ ಎತ್ತರ 5 ಅಡಿ 8 ಅಂಗುಲ. ಆದರೆ ಹೆಗಲು ಅಗಲ, ತೊಡೆಗಳು ಗಟ್ಟಿ. ಓಟಗಾರನ ವೇಗ, ಜಿಮ್ನಾಸ್ಟಿಕ್ಸ್ ಪಟುವಿನ ಸಮತೋಲ, ಮುಂದಿನ ಸಾಲಿನ ದೈತ್ಯರನ್ನೂ ಕೊಡವಿಕೊಂಡು ಹೋಗುವ ಬಲ, ಈ ಮೂರೂ ಒಂದೇ ಮೈಯಲ್ಲಿ ಸೇರಿದ್ದವು. ಸ್ಕ್ರಮ್-ಹಾಫ್ ಎಂದರೆ ಚೆಂಡು ದಾಟಿಸುವವನು ಎಂದಷ್ಟೇ ತಿಳಿದಿದ್ದ ಕಾಲದಲ್ಲಿ ಅವರು ದೇಶಕ್ಕಾಗಿ 20 ಟ್ರೈ ಗಳಿಸಿದರು.

ಕಲ್ಲಿದ್ದಲ ಕಣಿವೆ, ಪಿ.ಟಿ. ಮೇಷ್ಟ್ರು

ದಕ್ಷಿಣ ವೇಲ್ಸ್‌ನ ಆ ಊರಿನ ಹೆಸರು ಗ್ವೈನ್-ಕೈ-ಗುರ್ವೆನ್. ಸುತ್ತಮುತ್ತ ಗುಡ್ಡಗಳು, ಅವುಗಳ ಅಡಿಯಲ್ಲಿ ಆಂತ್ರಸೈಟ್ ಎಂಬ ಉತ್ತಮ ದರ್ಜೆಯ ಕಲ್ಲಿದ್ದಲು. 1947ರ ಜುಲೈ 12ರಂದು ಎಡ್ವರ್ಡ್ಸ್ ಹುಟ್ಟಿದ್ದು ಅಲ್ಲಿನ ಗಣಿ ಕಾರ್ಮಿಕನ ಮನೆಯಲ್ಲಿ. ಮನೆಮಾತು ವೆಲ್ಷ್. ಆ ಕಣಿವೆಗಳಲ್ಲಿ ಬದುಕಿಗೆ ಮೂರು ಕೇಂದ್ರಗಳಿದ್ದವು: ಗಣಿ, ಪ್ರಾರ್ಥನಾ ಮಂದಿರ, ರಗ್ಬಿ ಕ್ಲಬ್. ಗಂಡುಹುಡುಗರು ಗಣಿಗೆ ಇಳಿಯುವುದು ತಲೆಮಾರುಗಳಿಂದ ನಡೆದುಬಂದ ರೂಢಿ. ಆದರೆ ಗಣಿಯ ದೂಳು ಕುಡಿದ ಅಪ್ಪಂದಿರು ತಮ್ಮ ಮಕ್ಕಳು ಓದಿ ಬೇರೆ ದಾರಿ ಹಿಡಿಯಲಿ ಎಂದು ಬಯಸುತ್ತಿದ್ದರು. ವೇಲ್ಸ್‌ನ ಆ ತಲೆಮಾರಿನಲ್ಲಿ ಅಷ್ಟೊಂದು ಮಂದಿ ಶಿಕ್ಷಕರಾದದ್ದಕ್ಕೆ ಇದೂ ಒಂದು ಕಾರಣ. ಅವರ ರಗ್ಬಿ ಅಷ್ಟು ಎತ್ತರಕ್ಕೆ ಹೋದದ್ದಕ್ಕೂ ಇದೇ ಕಾರಣ ಎಂದು ನಾನು ಹೇಳುತ್ತೇನೆ.

ಪೊಂಟರ್‌ಡಾವೆ ಊರಿನ ತಾಂತ್ರಿಕ ಪ್ರೌಢಶಾಲೆಯಲ್ಲಿ ಬಿಲ್ ಸ್ಯಾಮ್ಯುಯೆಲ್ ಎಂಬ ಪಿ.ಟಿ. ಮೇಷ್ಟ್ರಿದ್ದರು. ಹುಡುಗ ಎಡ್ವರ್ಡ್ಸ್ ಎಲ್ಲ ಆಟಗಳಲ್ಲೂ ಮುಂದು. ಫುಟ್‌ಬಾಲ್ ಎಷ್ಟು ಚೆನ್ನಾಗಿ ಆಡುತ್ತಿದ್ದನೆಂದರೆ ಸ್ವಾನ್ಸೀ ಟೌನ್ ಕ್ಲಬ್ಬಿನ ಕಣ್ಣು ಅವನ ಮೇಲಿತ್ತು. ಓಟ, ಹರ್ಡಲ್ಸ್, ಉದ್ದ ಜಿಗಿತ, ಜಿಮ್ನಾಸ್ಟಿಕ್ಸ್ ಯಾವುದನ್ನೂ ಬಿಟ್ಟವನಲ್ಲ. ರಗ್ಬಿಯಲ್ಲಿ ಅವನ ಆಸೆ ಇದ್ದದ್ದು ಮೈದಾನದ ನಡುಭಾಗದಲ್ಲಿ ಓಡಾಡುವ ಸೆಂಟರ್ ಸ್ಥಾನದ ಮೇಲೆ. ಸ್ಯಾಮ್ಯುಯೆಲ್ ಅವನನ್ನು ಸ್ಕ್ರಮ್-ಹಾಫ್ ಮಾಡಿದರು. ಶಾಲೆ ಬಿಟ್ಟ ಮೇಲೆ ಬೆವರಿಳಿಸಿ ತಯಾರು ಮಾಡಿದರು. ಕೈಗೆ ಬಲ, ಕಾಲಿಗೆ ವೇಗ, ಮೈಗೆ ಹಿಡಿತ, ಪ್ರತಿಯೊಂದಕ್ಕೂ ಬೇರೆ ಬೇರೆ ಕಸರತ್ತು. ಹೊಗಳಿಕೆಯಲ್ಲಿ ಅವರ ಕೈ ಬಿಗಿ. ಚೆನ್ನಾಗಿ ಆಡಿದ ದಿನವೂ ಇನ್ನೇನು ತಿದ್ದಬೇಕು ಎಂಬುದೇ ಅವರ ಮಾತು.

ಆದರೆ ಮೇಷ್ಟ್ರ ದೊಡ್ಡ ಕೆಲಸ ನಡೆದದ್ದು ಮೈದಾನದ ಹೊರಗೆ. ಈ ಹುಡುಗನಿಗೆ ತನ್ನ ಶಾಲೆಯ ಅನುಕೂಲಗಳು ಸಾಲವು ಎಂಬುದು ಅವರಿಗೆ ತಿಳಿದಿತ್ತು. ತನ್ನ ಶಿಷ್ಯ ತನ್ನಲ್ಲೇ ಉಳಿದು ತನ್ನ ಶಾಲೆಗೇ ಹೆಸರು ತರಲಿ ಎಂಬ ಸಣ್ಣ ಆಸೆಯನ್ನು ಅವರು ಇಟ್ಟುಕೊಳ್ಳಲಿಲ್ಲ. ಇಂಗ್ಲೆಂಡಿನ ಸಾಮರ್‌ಸೆಟ್‌ನಲ್ಲಿದ್ದ ಮಿಲ್‌ಫೀಲ್ಡ್ ಎಂಬ ದುಬಾರಿ ಖಾಸಗಿ ಶಾಲೆಯ ಮುಖ್ಯಸ್ಥರಿಗೆ ಪತ್ರ ಬರೆದರು. ಒಮ್ಮೆ ಬರೆದು ಸುಮ್ಮನಾಗಲಿಲ್ಲ, ಬೆನ್ನು ಬಿಡದೆ ಬರೆದರು. ಕೊನೆಗೆ ಗಣಿ ಕಾರ್ಮಿಕನ ಮಗನಿಗೆ ಅಲ್ಲಿ ವಿದ್ಯಾರ್ಥಿವೇತನ ಸಿಕ್ಕಿತು.

ಈ ಮಿಲ್‌ಫೀಲ್ಡ್‌ನ ಹುಟ್ಟಿನಲ್ಲಿ ಭಾರತದ ಎಳೆಯೊಂದಿದೆ. ಅದನ್ನು ಕಟ್ಟಿದ ಜ್ಯಾಕ್ ಮೆಯರ್ ಕ್ರಿಕೆಟ್ ಆಟಗಾರರು. ಮುಂಬಯಿಯಲ್ಲಿ ಹತ್ತಿ ವ್ಯಾಪಾರದಲ್ಲಿದ್ದವರು. 1935ರಲ್ಲಿ ಇಂಗ್ಲೆಂಡಿಗೆ ಮರಳುವಾಗ ಏಳು ಮಂದಿ ಭಾರತೀಯ ಹುಡುಗರನ್ನು ಕರೆದೊಯ್ದು, ಅವರಿಂದಲೇ ಶಾಲೆ ಆರಂಭಿಸಿದರು. ಏಳರಲ್ಲಿ ಆರು ಮಂದಿ ಸಂಸ್ಥಾನಗಳ ರಾಜಕುಮಾರರು. ಉಳ್ಳವರಿಂದ ಹೆಚ್ಚು ಶುಲ್ಕ ಪಡೆದು, ಪ್ರತಿಭೆಯಿದ್ದೂ ಹಣವಿಲ್ಲದವರಿಗೆ ಬಾಗಿಲು ತೆರೆಯುವುದು ಮೆಯರ್ ಪದ್ಧತಿ. ರಾಜಕುಮಾರರಿಂದ ಆರಂಭವಾದ ಶಾಲೆಗೆ ಮೂರು ದಶಕಗಳ ನಂತರ ಗಣಿಯೂರಿನ ಹುಡುಗ ಬಂದು ಸೇರಿದ್ದು ಹೀಗೆ. ಅಲ್ಲಿ ಅವನಿಗೆ ಒಳ್ಳೆಯ ಮೈದಾನ, ತರಬೇತುದಾರರು, ಹೊಟ್ಟೆ ತುಂಬ ಊಟ, ಬೇರೆ ಬೇರೆ ಹಿನ್ನೆಲೆಯ ಸ್ಪರ್ಧಿಗಳು ಸಿಕ್ಕರು. ಶಾಲಾಮಟ್ಟದ ಹರ್ಡಲ್ಸ್‌ನಲ್ಲಿ ದೇಶದ ಮುಂಚೂಣಿಗೆ ಬಂದ. ಆದರೂ ಮನಸ್ಸು ನಿಂತದ್ದು ರಗ್ಬಿಯಲ್ಲಿ. ಅಲ್ಲಿಂದ ಶಿಕ್ಷಕರ ತರಬೇತಿಗೆಂದು ಕಾರ್ಡಿಫ್‌ನ ಕಾಲೇಜು ಸೇರಿ, ಕಾರ್ಡಿಫ್ ಕ್ಲಬ್ಬಿಗೆ ಆಡತೊಡಗಿದ. ಹನ್ನೆರಡು ಋತುಗಳಲ್ಲಿ ಆ ಕ್ಲಬ್ಬಿಗಾಗಿ ಆಡಿದ ಪಂದ್ಯ 195, ಗಳಿಸಿದ ಟ್ರೈ 67.

ಎಸೆಯುವವನು, ಹಿಡಿಯುವವನು

ಪ್ಯಾರಿಸ್‌ನ ಮೊದಲ ಪಂದ್ಯದಲ್ಲಿ ವೇಲ್ಸ್ 20-14ರಿಂದ ಸೋತಿತು. ಆದರೆ ಹೊಸ ಹುಡುಗನ ಸಾಮರ್ಥ್ಯವನ್ನು ಆಯ್ಕೆಗಾರರು ಗುರುತಿಸಿದರು. ಮರುವರ್ಷ ಫೆಬ್ರವರಿಯಲ್ಲಿ ಸ್ಕಾಟ್ಲೆಂಡ್ ವಿರುದ್ಧ ಅವನಿಗೆ ನಾಯಕತ್ವವನ್ನೇ ಕೊಟ್ಟರು. ಆಗ ವಯಸ್ಸು ಇಪ್ಪತ್ತು ವರ್ಷ ಏಳು ತಿಂಗಳು ಕೂಡ ತುಂಬಿರಲಿಲ್ಲ. ವೇಲ್ಸ್‌ನ ಅತ್ಯಂತ ಕಿರಿಯ ನಾಯಕ ಎಂಬ ದಾಖಲೆ ಅದು. ಒಟ್ಟು 13 ಪಂದ್ಯಗಳಲ್ಲಿ ಎಡ್ವರ್ಡ್ಸ್ ತಂಡ ಮುನ್ನಡೆಸಿದರು. ಆದರೂ ಅವರ ಹಿರಿಮೆ ನಾಯಕತ್ವದಿಂದ ಬಂದದ್ದಲ್ಲ. ಜಾನ್ ಡಾಸ್, ಮರ್ವಿನ್ ಡೇವಿಸ್, ಫಿಲ್ ಬೆನೆಟ್ ಹೀಗೆ ಬೇರೆಯವರ ನಾಯಕತ್ವದಲ್ಲಿ ಆಡಿದಾಗಲೂ ಅವರ ಆಟ ಒಂದಿಷ್ಟೂ ಕುಗ್ಗಲಿಲ್ಲ.

ಅವರ ಜೊತೆಗಾರ ಬ್ಯಾರಿ ಜಾನ್. ಹತ್ತನೇ ನಂಬರು. ಅವರೂ ಗಣಿ ಕಾರ್ಮಿಕನ ಮಗ, ಅವರ ಮನೆಮಾತೂ ವೆಲ್ಷ್, ಅವರೂ ಶಿಕ್ಷಕ ತರಬೇತಿಯ ವಿದ್ಯಾರ್ಥಿ. 1967ರ ಆರಂಭದಲ್ಲಿ ಕಾರ್ಮಾರ್ಥೆನ್‌ನ ಕೆಸರು ಮೈದಾನದಲ್ಲಿ ಇಬ್ಬರೂ ಮೊದಲ ಸಲ ಜೊತೆಯಾಗಿ ಅಭ್ಯಾಸಕ್ಕಿಳಿದಾಗ, ಚೆಂಡು ಹೇಗೆ ಬೇಕು, ಎಲ್ಲಿ ಬೇಕು ಎಂದು ಎಡ್ವರ್ಡ್ಸ್ ವಿವರವಾಗಿ ಕೇಳತೊಡಗಿದರಂತೆ. ನೀನು ಎಸೆ, ಹಿಡಿಯುವ ಚಿಂತೆ ನನಗೆ ಬಿಡು ಎಂಬರ್ಥದ ಮಾತಾಡಿ ಬ್ಯಾರಿ ಜಾನ್ ಆ ಚರ್ಚೆ ಮುಗಿಸಿದರು. ಆ ಮಾತು ವೇಲ್ಸ್‌ನಲ್ಲಿ ಇಂದಿಗೂ ಮನೆಮನೆಯ ಕಥೆ. ಮುಂದೆ ಇಬ್ಬರೂ ದೇಶಕ್ಕಾಗಿ 23 ಪಂದ್ಯಗಳಲ್ಲಿ ಜೋಡಿಯಾಗಿ ಆಡಿದರು.

ಆ ಮಾತು ಸಲೀಸಾಗಿ ಬಂತು; ಎಸೆತ ಸಲೀಸಾಗಿ ಬರಲಿಲ್ಲ. ಆ ಕಾಲದ ಸ್ಕ್ರಮ್-ಹಾಫ್‌ಗಳು ದೂರ ಎಸೆಯಬೇಕಾದರೆ ಮೈಯನ್ನೇ ಮುಂದಕ್ಕೆ ಚೆಲ್ಲಿ, ನೆಲಕ್ಕೆ ಬೀಳುತ್ತ ಎಸೆಯುತ್ತಿದ್ದರು. ಹಾಗೆ ಬಿದ್ದವನು ಎದ್ದು ಮತ್ತೆ ಆಟಕ್ಕೆ ಸೇರುವುದರಲ್ಲಿ ಆಟ ಮುಂದೆ ಹೋಗಿರುತ್ತಿತ್ತು. ನ್ಯೂಜಿಲೆಂಡಿನ ಕ್ರಿಸ್ ಲೇಡ್‌ಲಾ ಚೆಂಡನ್ನು ತಿರುಚಿ, ಅದು ತನ್ನ ಉದ್ದನೆಯ ಅಕ್ಷದ ಸುತ್ತ ಗಿರಗಿರನೆ ಸುತ್ತುವಂತೆ ಎಸೆಯುವುದನ್ನು ಎಡ್ವರ್ಡ್ಸ್ ಗಮನಿಸಿದರು. ಸುತ್ತುತ್ತಿರುವ ಬುಗುರಿ ವಾಲದೆ ನಿಲ್ಲುವಂತೆ, ಸುತ್ತುವ ಚೆಂಡು ಗಾಳಿಯಲ್ಲಿ ಹೊಯ್ದಾಡದೆ ನೇರವಾಗಿ, ಹೆಚ್ಚು ದೂರ ಹೋಗುತ್ತದೆ. ಆ ತಂತ್ರವನ್ನು ಅವರು ಗಂಟೆಗಟ್ಟಲೆ ಅಭ್ಯಾಸ ಮಾಡಿ ಕೈವಶ ಮಾಡಿಕೊಂಡರು. ಅದರ ಲಾಭ ಬ್ಯಾರಿ ಜಾನ್‌ಗೆ ಸಿಕ್ಕಿತು. ಎದುರಾಳಿಗಳಿಂದ ಇನ್ನಷ್ಟು ದೂರ ನಿಂತು ಚೆಂಡು ಪಡೆಯಲು, ಯೋಚಿಸಲು, ಓಡುವ ದಿಕ್ಕು ಆರಿಸಿಕೊಳ್ಳಲು ಅವರಿಗೆ ಬಿಡುವು ದೊರೆಯಿತು. ಬ್ಯಾರಿ ಜಾನ್ ಆಟದಲ್ಲಿ ಜನ ಕಂಡ ನಿರಾಳತೆಯನ್ನು ಅರ್ಧದಷ್ಟು ಎಡ್ವರ್ಡ್ಸ್ ಕೈಗಳೇ ಗಳಿಸಿಕೊಟ್ಟಿದ್ದವು. 1972ರಲ್ಲಿ, ಕೇವಲ 27ರ ಹರೆಯದಲ್ಲಿ, ಅಭಿಮಾನಿಗಳ ಆರಾಧನೆಯ ಭಾರ ತಾಳಲಾರದೆ ಬ್ಯಾರಿ ಜಾನ್ ಆಟ ಬಿಟ್ಟರು. ಆ ಜಾಗಕ್ಕೆ ಬಂದವರು ಫಿಲ್ ಬೆನೆಟ್. ಹತ್ತನೇ ನಂಬರು ಬದಲಾದರೂ ಒಂಬತ್ತನೇ ನಂಬರು ಬದಲಾಗಲಿಲ್ಲ.

ಸೋಲು ಕಲಿಸಿದ ಪಾಠ

1969ರಲ್ಲಿ ವೇಲ್ಸ್ ತಂಡ ನ್ಯೂಜಿಲೆಂಡ್ ಪ್ರವಾಸ ಹೋಯಿತು. ತವರಿನಲ್ಲಿ ಗೆದ್ದು ಬೀಗುತ್ತಿದ್ದ ತಂಡ ಅಲ್ಲಿ ಮೊದಲ ಟೆಸ್ಟ್ ಅನ್ನು 19-0ರಿಂದ, ಎರಡನೆಯದನ್ನು 33-12ರಿಂದ ಸೋತು ಬಂತು. ಈ ಸೋಲಿನ ನಂತರ ವೇಲ್ಸ್ ತನ್ನ ತಯಾರಿಯ ಕ್ರಮವನ್ನು ಇನ್ನಷ್ಟು ಗಟ್ಟಿ ಮಾಡಿಕೊಂಡಿತು. ಅಷ್ಟರಲ್ಲಾಗಲೇ, ಅಂದರೆ 1967ರಲ್ಲಿ, ರೇ ವಿಲಿಯಮ್ಸ್ ಎಂಬುವರನ್ನು ಇಡೀ ದೇಶದ ತರಬೇತಿಯ ಸಂಘಟಕರನ್ನಾಗಿ ಅಲ್ಲಿನ ರಗ್ಬಿ ಒಕ್ಕೂಟ ನೇಮಿಸಿತ್ತು. ತರಬೇತಿ ಎಂದರೆ ಹವ್ಯಾಸಿ ಆಟಕ್ಕೆ ಕಳಂಕ ಎಂದು ಇಂಗ್ಲೆಂಡಿನ ಹಿರಿಯರು ಮೂಗು ಮುರಿಯುತ್ತಿದ್ದ ಕಾಲ ಅದು. ಕ್ಲೈವ್ ರೋಲ್ಯಾಂಡ್ಸ್ ಕೋಚ್ ಆದರು. ರಾಷ್ಟ್ರೀಯ ತಂಡದವರು ಭಾನುವಾರಗಳಂದು ಕಡಲತೀರದ ಆಬರಾವನ್‌ನಲ್ಲಿ ಒಟ್ಟಾಗಿ ಅಭ್ಯಾಸ ಮಾಡತೊಡಗಿದರು. ಪಂದ್ಯದ ಹಿಂದಿನ ದಿನವಷ್ಟೇ ಸೇರಿ ಆಡುತ್ತಿದ್ದ ಕಾಲಕ್ಕೆ ಇದು ದೊಡ್ಡ ಬದಲಾವಣೆ.

ಆ ತಂಡದ ಆಟಗಾರರ ವೃತ್ತಿಗಳನ್ನು ನೋಡಿ. ಜಾನ್ ಡಾಸ್, ಮರ್ವಿನ್ ಡೇವಿಸ್, ಜಾನ್ ಟೇಲರ್ ಶಿಕ್ಷಕರು. ಜೆ.ಪಿ.ಆರ್. ವಿಲಿಯಮ್ಸ್ ವೈದ್ಯವಿದ್ಯಾರ್ಥಿ, ಮುಂದೆ ಮೂಳೆತಜ್ಞರಾದರು. ನಂತರ ಬಂದ ಬಾಬಿ ವಿಂಡ್ಸರ್ ಉಕ್ಕಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದವರು. ಎಡ್ವರ್ಡ್ಸ್ ಎಂಜಿನಿಯರಿಂಗ್ ಕಂಪನಿಯೊಂದರಲ್ಲಿ ನೌಕರಿಯಲ್ಲಿದ್ದರು. ವಾರವೆಲ್ಲ ಕೆಲಸ, ಶನಿವಾರ ಪಂದ್ಯ.

ಫಲ 1971ರಲ್ಲಿ ಬಂತು. ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡ್, ಫ್ರಾನ್ಸ್ ಜೊತೆ ಪ್ರತಿವರ್ಷ ನಡೆಯುತ್ತಿದ್ದ ಪಂಚರಾಷ್ಟ್ರ ಪಂದ್ಯಾವಳಿಯಲ್ಲಿ ನಾಲ್ವರನ್ನೂ ಸೋಲಿಸಿದರೆ ಅದಕ್ಕೆ 'ಗ್ರ್ಯಾಂಡ್ ಸ್ಲ್ಯಾಮ್' ಎನ್ನುತ್ತಾರೆ. 1952ರ ನಂತರ ಮೊದಲ ಸಲ ವೇಲ್ಸ್ ಅದನ್ನು ಗೆದ್ದಿತು. ಪ್ಯಾರಿಸ್‌ನ ಕೊನೆಯ ಪಂದ್ಯದಲ್ಲಿ ಜೆ.ಪಿ.ಆರ್. ವಿಲಿಯಮ್ಸ್ ಎದುರಾಳಿಯ ಪಾಸ್ ಕಸಿದುಕೊಂಡು ಓಡಿದಾಗ, ಪಕ್ಕದಲ್ಲೇ ಓಡಿ ಬಂದು ಚೆಂಡು ಪಡೆದು ಟ್ರೈ ಮುಗಿಸಿದವರು ಎಡ್ವರ್ಡ್ಸ್. 1976ರಲ್ಲಿ, 1978ರಲ್ಲಿ ಮತ್ತೆರಡು ಗ್ರ್ಯಾಂಡ್ ಸ್ಲ್ಯಾಮ್ ಬಂದವು. ಬ್ರಿಟಿಷ್ ದ್ವೀಪಗಳ ಉಳಿದ ಮೂರು ದೇಶಗಳನ್ನು ಒಂದೇ ವರ್ಷದಲ್ಲಿ ಮಣಿಸುವ 'ಟ್ರಿಪಲ್ ಕ್ರೌನ್' ಅವರ ಕಾಲದಲ್ಲಿ ಐದು ಸಲ ವೇಲ್ಸ್ ಪಾಲಾಯಿತು. ಒಂದು ಕೊರತೆ ಮಾತ್ರ ಉಳಿಯಿತು. ವೇಲ್ಸ್ ಜೆರ್ಸಿಯಲ್ಲಿ ಎಡ್ವರ್ಡ್ಸ್ ಎಂದೂ ನ್ಯೂಜಿಲೆಂಡನ್ನು ಸೋಲಿಸಲಿಲ್ಲ.

ಎರಡು ಟ್ರೈಗಳು

ಎಡ್ವರ್ಡ್ಸ್ ಎಂದರೆ ಏನು ಎಂದು ತಿಳಿಯಬೇಕಾದವರು ಎರಡು ಟ್ರೈಗಳನ್ನು ನೋಡಬೇಕು. ಎರಡೂ ಕಾರ್ಡಿಫ್ ಆರ್ಮ್ಸ್ ಪಾರ್ಕ್‌ನಲ್ಲಿ ಒಂದು ವರ್ಷದ ಅಂತರದಲ್ಲಿ ಬಂದವು. ಒಂದು ಅವರ ಏಕಾಂಗಿ ಸಾಮರ್ಥ್ಯದ್ದು. ಇನ್ನೊಂದು ಏಳು ಮಂದಿ ಕಟ್ಟಿಕೊಟ್ಟದ್ದು.

1972ರ ಫೆಬ್ರವರಿ 5, ಎದುರಾಳಿ ಸ್ಕಾಟ್ಲೆಂಡ್. ವೇಲ್ಸ್ ತನ್ನದೇ ಅಂಗಳದ ಆಳದಲ್ಲಿತ್ತು. ಚೆಂಡು ಎತ್ತಿಕೊಂಡ ಎಡ್ವರ್ಡ್ಸ್ ಯಾರಿಗೂ ಕೊಡದೆ ಓಡಿದರು. ಅಡ್ಡ ಬಂದವನನ್ನು ಅಂಗೈಯಿಂದ ತಳ್ಳಿ ಮೈದಾನದ ನಡುಭಾಗ ದಾಟಿದರು. ಎದುರಾಳಿಯ ಕೊನೆಯ ಕಾವಲುಗಾರ ಎದುರಾದಾಗ ಚೆಂಡನ್ನು ಅವನ ತಲೆಯ ಮೇಲಿಂದ ಮೆಲ್ಲಗೆ ಒದ್ದರು. ನೆಲಕ್ಕೆ ಬಿದ್ದ ಚೆಂಡನ್ನು ಮತ್ತೊಮ್ಮೆ ಒದ್ದು, ಬೆನ್ನಟ್ಟಿ ಬಂದ ಸ್ಕಾಟ್ ಆಟಗಾರನಿಗಿಂತ ಒಂದು ಕ್ಷಣ ಮೊದಲು ಮೂಲೆಯಲ್ಲಿ ಅದರ ಮೇಲೆ ಬಿದ್ದರು. ಮೈದಾನದ ಸುತ್ತ ನಾಯಿಗಳ ಓಟದ ಕೆಮ್ಮಣ್ಣಿನ ಹಾದಿಯಿತ್ತು. ಜಾರಿದ ರಭಸಕ್ಕೆ ಅದರಲ್ಲಿ ಹೋಗಿ ಬಿದ್ದರು. ಮುಖ, ಮೈ ಎಲ್ಲ ಕೆಂಪು ಕೆಸರು ಮೆತ್ತಿಕೊಂಡು ತಿರುಗಿ ನಡೆದುಬರುತ್ತಿರುವ ಅವರ ಚಿತ್ರ ವೇಲ್ಸ್‌ನ ಜನಮನದಲ್ಲಿ ಅಚ್ಚೊತ್ತಿದೆ. ಗಣಿಯಿಂದ ಮೇಲೆ ಬಂದ ಕಾರ್ಮಿಕನ ಮುಖದ ಹಾಗೆ ಅದು ಕಂಡಿತು ಎಂದು ಎಷ್ಟೋ ಮಂದಿ ಬರೆದಿದ್ದಾರೆ. ಆ ದಿನ ವೇಲ್ಸ್ 35-12ರಿಂದ ಗೆದ್ದಿತು.

1973ರ ಜನವರಿ 27. ಈ ಸಲ ಎದುರಾಳಿ ನ್ಯೂಜಿಲೆಂಡ್. ಎಡ್ವರ್ಡ್ಸ್ ಆಡಿದ್ದು ಬಾರ್ಬೇರಿಯನ್ಸ್ ಎಂಬ ಆಹ್ವಾನಿತ ಆಟಗಾರರ ತಂಡಕ್ಕೆ. ಆಟ ಆರಂಭವಾಗಿ ಕೆಲವೇ ನಿಮಿಷ. ಎದುರಾಳಿ ಒದ್ದ ಚೆಂಡನ್ನು ಫಿಲ್ ಬೆನೆಟ್ ತನ್ನ ಗೋಲುಕಂಬಗಳ ಹತ್ತಿರ, ಬೆನ್ನು ತಿರುಗಿಸಿ ಓಡಿ ಹಿಡಿದರು. ಅಲ್ಲಿಂದ ದೂರಕ್ಕೆ ಒದ್ದು ಅಪಾಯ ಕಳೆದುಕೊಳ್ಳುವುದು ಎಲ್ಲರೂ ಮಾಡುವ ಕೆಲಸ. ಬೆನೆಟ್ ಒದೆಯಲಿಲ್ಲ. ಎಡಕ್ಕೊಮ್ಮೆ ಬಲಕ್ಕೊಮ್ಮೆ ಮೈ ಹೊರಳಿಸಿ, ಮೇಲೆ ಬಂದವರನ್ನು ಒಬ್ಬೊಬ್ಬರಾಗಿ ತಪ್ಪಿಸಿ ಜೆ.ಪಿ.ಆರ್. ವಿಲಿಯಮ್ಸ್ ಕೈಗೆ ಚೆಂಡು ಕೊಟ್ಟರು. ಅವರ ಕತ್ತಿಗೆ ಎದುರಾಳಿಯ ಕೈ ಸುತ್ತಿಕೊಂಡಿತು. ಆದರೂ ಚೆಂಡು ಇಂಗ್ಲೆಂಡಿನ ಜಾನ್ ಪುಲಿನ್‌ಗೆ ದಾಟಿತು. ಅಲ್ಲಿಂದ ಜಾನ್ ಡಾಸ್, ಅವರಿಂದ ಟಾಮಿ ಡೇವಿಡ್, ಅವರಿಂದ ಡೆರೆಕ್ ಕ್ವಿನೆಲ್. ಕ್ವಿನೆಲ್ ಎಡಬದಿಯಲ್ಲಿದ್ದ ಇನ್ನೊಬ್ಬನತ್ತ ಎಸೆದ ಚೆಂಡನ್ನು ಹಿಂದಿನಿಂದ ಪೂರ್ತಿ ವೇಗದಲ್ಲಿ ಬಂದ ಎಡ್ವರ್ಡ್ಸ್ ನಡುವೆಯೇ ಹಿಡಿದುಕೊಂಡು, ಎಡಮೂಲೆಗೆ ಓಡಿ, ಹಾರಿ ಬಿದ್ದು ಟ್ರೈ ಗಳಿಸಿದರು. ಒಂದು ತುದಿಯಿಂದ ಇನ್ನೊಂದು ತುದಿಗೆ ಚೆಂಡು ಏಳು ಕೈಗಳಲ್ಲಿ ಸಾಗಿತ್ತು. ಏಳರಲ್ಲಿ ಪುಲಿನ್ ಬಿಟ್ಟು ಉಳಿದ ಆರೂ ಮಂದಿ ವೇಲ್ಸ್‌ನವರು. ಬಿಬಿಸಿಯ ವೀಕ್ಷಕ ವಿವರಣೆಗೆ ಆ ದಿನ ಕುಳಿತವರು ವೇಲ್ಸ್‌ನದೇ ಮಾಜಿ ಆಟಗಾರ ಕ್ಲಿಫ್ ಮಾರ್ಗನ್. ಖಾಯಂ ವಿವರಣೆಕಾರ ಬಿಲ್ ಮೆಕ್‌ಲಾರೆನ್ ಅನಾರೋಗ್ಯದಿಂದ ಬಂದಿರಲಿಲ್ಲ. ಬಾರ್ಬೇರಿಯನ್ಸ್ 23-11ರಿಂದ ಗೆದ್ದರು.

ಈ ಟ್ರೈಯನ್ನು ಎಲ್ಲರೂ ಎಡ್ವರ್ಡ್ಸ್ ಟ್ರೈ ಎನ್ನುತ್ತಾರೆ. ಅವರು ಬಂದದ್ದು ಕೊನೆಯಲ್ಲಿ. ಆದರೆ ಗಮನಿಸಿ: ಚೆಂಡು ಬೆನೆಟ್ ಕೈಯಲ್ಲಿದ್ದಾಗ ಎಡ್ವರ್ಡ್ಸ್ ತನ್ನ ಗೋಲಿನತ್ತ ಓಡುತ್ತಿದ್ದರು. ಆಟದ ದಿಕ್ಕು ಬದಲಾದದ್ದು ಕಂಡೊಡನೆ ತಿರುಗಿ, ತನಗೆ ಚೆಂಡು ಸಿಗುತ್ತದೆಂಬ ಯಾವ ಖಾತರಿಯೂ ಇಲ್ಲದೆ ಮೈದಾನದುದ್ದ ಓಡಿದರು. ಜೊತೆಗಾರನ ಹಿಂದೆ ಹೀಗೆ ನಂಬಿ ಓಡುವುದನ್ನು ಸ್ಯಾಮ್ಯುಯೆಲ್ ಮೇಷ್ಟ್ರ ಅಂಗಳದಲ್ಲಿ ಕಲಿತ ಹುಡುಗ ಆತ.

ಸಿಂಹಗಳ ಪ್ರವಾಸ, ಒಂದು ನೈತಿಕ ಪ್ರಶ್ನೆ

ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಐರ್ಲೆಂಡ್ ನಾಲ್ಕರಿಂದಲೂ ಆಯ್ದ ಆಟಗಾರರ ತಂಡಕ್ಕೆ 'ಲಯನ್ಸ್' ಎಂದು ಹೆಸರು. ಎಡ್ವರ್ಡ್ಸ್ ಅದರೊಂದಿಗೆ 1968, 1971, 1974ರಲ್ಲಿ ಪ್ರವಾಸ ಮಾಡಿದರು. 1971ರಲ್ಲಿ ನ್ಯೂಜಿಲೆಂಡಿನಲ್ಲಿ ಎರಡು ಟೆಸ್ಟ್ ಗೆದ್ದು, ಒಂದರಲ್ಲಿ ಸೋತು, ಒಂದನ್ನು ಸಮ ಮಾಡಿಕೊಂಡು ಲಯನ್ಸ್ ಸರಣಿ ಗೆದ್ದರು. ಆ ನೆಲದಲ್ಲಿ ಲಯನ್ಸ್ ಸರಣಿ ಗೆದ್ದದ್ದು ಅದೊಂದೇ ಸಲ. ಕೋಚ್ ಆಗಿದ್ದವರು ಕಾರ್ವಿನ್ ಜೇಮ್ಸ್, ವೆಲ್ಷ್ ಭಾಷೆಯ ಅಧ್ಯಾಪಕರು. ಇಲ್ಲೂ ಒಬ್ಬ ಮೇಷ್ಟ್ರು.

1974ರ ದಕ್ಷಿಣ ಆಫ್ರಿಕಾ ಪ್ರವಾಸದಲ್ಲಿ ತಂಡ 22 ಪಂದ್ಯಗಳಲ್ಲಿ 21 ಗೆದ್ದು, ಒಂದನ್ನು ಸಮ ಮಾಡಿಕೊಂಡಿತು. ನಾಲ್ಕೂ ಟೆಸ್ಟ್‌ಗಳಲ್ಲಿ ಎಡ್ವರ್ಡ್ಸ್ ಆಡಿದರು. ಆಟದ ದೃಷ್ಟಿಯಿಂದ ಅದು ಶಿಖರ. ಆದರೆ ಎದುರಾಳಿ ತಂಡದಲ್ಲಿ ಬಿಳಿಯರಿಗೆ ಮಾತ್ರ ಸ್ಥಾನವಿದ್ದ ವರ್ಣಭೇದದ ಕಾಲ ಅದು. ಆಗಿನ ಬ್ರಿಟಿಷ್ ಸರ್ಕಾರವೇ ಪ್ರವಾಸವನ್ನು ವಿರೋಧಿಸಿತ್ತು. ವೇಲ್ಸ್‌ನ ಜಾನ್ ಟೇಲರ್ ತನ್ನ ಆತ್ಮಸಾಕ್ಷಿಗೆ ಒಪ್ಪದೆಂದು ಹೋಗಲಿಲ್ಲ. ವೇಲ್ಸ್‌ನವರೇ ಆದ ಜೆರಾಲ್ಡ್ ಡೇವಿಸ್ ಕೂಡ ದೂರ ಉಳಿದರು. ಎಡ್ವರ್ಡ್ಸ್ ಹೋದರು. ಆ ಆಯ್ಕೆಯನ್ನು ಮುಚ್ಚಿಟ್ಟು ಬರೆಯುವುದು ಪ್ರಾಮಾಣಿಕವಲ್ಲ. ಆ ಪ್ರವಾಸದ ಗೆಲುವುಗಳನ್ನು ಎಣಿಸುವಾಗ, ಹೋಗಲಾರೆ ಎಂದ ಟೇಲರ್ ಅವರ ಧೈರ್ಯವನ್ನೂ ಅದೇ ಸಾಲಿನಲ್ಲಿ ಎಣಿಸಬೇಕು.

ನೆರಳಿನಲ್ಲಿ ಉಳಿದವರು

ಒಬ್ಬರು 53 ಪಂದ್ಯ ಸತತವಾಗಿ ಆಡಿದರೆಂದರೆ ಅದೇ ಸ್ಥಾನಕ್ಕೆ ಯೋಗ್ಯರಾದ ಇನ್ನು ಕೆಲವರು ಕಾದು ಕುಳಿತರು ಎಂದೇ ಅರ್ಥ. ರೇ ಹಾಪ್ಕಿನ್ಸ್ ಎಂಬ ಸ್ಕ್ರಮ್-ಹಾಫ್ ಅವರಲ್ಲೊಬ್ಬರು. ಜನ ಅವರನ್ನು ಕರೆಯುತ್ತಿದ್ದದ್ದು 'ಚಿಕೊ' ಎಂದು. 1970ರ ಫೆಬ್ರವರಿ 28ರಂದು ಲಂಡನ್ನಿನ ಟ್ವಿಕನಮ್‌ನಲ್ಲಿ ಇಂಗ್ಲೆಂಡ್ ವಿರುದ್ಧ ವೇಲ್ಸ್ ಹಿಂದೆ ಬಿದ್ದಿತ್ತು. ಎಡ್ವರ್ಡ್ಸ್ ಗಾಯಗೊಂಡು ಹೊರನಡೆದರು. ಒಳಬಂದ ಹಾಪ್ಕಿನ್ಸ್ ಉಳಿದ ಸುಮಾರು ಇಪ್ಪತ್ತು ನಿಮಿಷಗಳಲ್ಲಿ ಒಂದು ಟ್ರೈಗೆ ದಾರಿ ಮಾಡಿಕೊಟ್ಟು, ಇನ್ನೊಂದನ್ನು ತಾವೇ ಗಳಿಸಿ ಪಂದ್ಯದ ದಿಕ್ಕು ತಿರುಗಿಸಿದರು. ವೇಲ್ಸ್ 17-13ರಿಂದ ಗೆದ್ದಿತು. ಆ ಇಪ್ಪತ್ತು ನಿಮಿಷವೇ ವೇಲ್ಸ್ ಪರ ಹಾಪ್ಕಿನ್ಸ್ ಆಡಿದ ಒಟ್ಟು ಆಟ. ಮುಂದಿನ ಪಂದ್ಯಕ್ಕೆ ಎಡ್ವರ್ಡ್ಸ್ ಮರಳಿದ್ದರು. ಬ್ರಿನ್‌ಮೋರ್ ವಿಲಿಯಮ್ಸ್ ಕಥೆಯೂ ಹೀಗೆಯೇ. 1977ರ ಪ್ರವಾಸಕ್ಕೆ ಎಡ್ವರ್ಡ್ಸ್ ಹೋಗದಿದ್ದಾಗ ಅವರು ಲಯನ್ಸ್ ಪರ ಮೂರು ಟೆಸ್ಟ್ ಆಡಿದರು. ಆಗ ಅವರು ತಮ್ಮ ದೇಶದ ಪರ ಒಂದು ಪಂದ್ಯವನ್ನೂ ಆಡಿರಲಿಲ್ಲ. ವೇಲ್ಸ್‌ನಲ್ಲಿ ಆಗ ಪ್ರತಿಭೆ ಎಷ್ಟು ದಟ್ಟವಾಗಿತ್ತು ಎಂಬುದಕ್ಕೆ ಇವರಿಬ್ಬರೇ ಸಾಕ್ಷಿ.

ದುಡ್ಡಿಲ್ಲದ ಆಟ

ಈ ಎಲ್ಲಕ್ಕೂ ಎಡ್ವರ್ಡ್ಸ್‌ಗೆ ಆಟದಿಂದ ಸಂಬಳವಾಗಿ ಒಂದು ಪೆನ್ನಿಯೂ ಬರಲಿಲ್ಲ. ರಗ್ಬಿ ಯೂನಿಯನ್ 1995ರ ಆಗಸ್ಟ್‌ವರೆಗೂ ಹವ್ಯಾಸಿ ಆಟವಾಗಿಯೇ ಇತ್ತು. ಇದರ ಮೂಲ 1895ರಲ್ಲಿದೆ. ಪಂದ್ಯಕ್ಕಾಗಿ ಕೆಲಸಕ್ಕೆ ರಜೆ ಹಾಕಿ ಕೂಲಿ ಕಳೆದುಕೊಳ್ಳುವ ಕಾರ್ಮಿಕ ಆಟಗಾರರಿಗೆ ಪರಿಹಾರ ಕೊಡಬೇಕೆಂದು ಉತ್ತರ ಇಂಗ್ಲೆಂಡಿನ ಕ್ಲಬ್ಬುಗಳು ಕೇಳಿದವು. ಒಕ್ಕೂಟ ಒಪ್ಪಲಿಲ್ಲ. ಅವು ಸಿಡಿದು ಹೋಗಿ ಕಟ್ಟಿಕೊಂಡದ್ದು ಮುಂದೆ ರಗ್ಬಿ ಲೀಗ್ ಎಂಬ ಬೇರೆಯೇ ಆಟವಾಯಿತು. ಅಲ್ಲಿಂದಾಚೆಗೆ ಹಣ ಬೇಕಾದ ವೇಲ್ಸ್ ಆಟಗಾರ ಊರು ಬಿಟ್ಟು ಉತ್ತರಕ್ಕೆ ಹೋಗಬೇಕಿತ್ತು. ಹೋದವನಿಗೆ ತನ್ನೂರಿನ ಕ್ಲಬ್ಬಿನ ಬಾಗಿಲು ಮುಚ್ಚುತ್ತಿತ್ತು. ಎಡ್ವರ್ಡ್ಸ್ ಆ ದಾರಿ ಹಿಡಿಯಲಿಲ್ಲ.

ಆದರೂ ಆ ಕಟ್ಟಳೆ ಅವರನ್ನು ಬಿಡಲಿಲ್ಲ. 1978ರಲ್ಲಿ ನಿವೃತ್ತರಾಗಿ ಆತ್ಮಕಥೆ ಪ್ರಕಟಿಸಿ ಅದರ ಗೌರವಧನ ಪಡೆದದ್ದಕ್ಕೆ ಅವರನ್ನು 'ವೃತ್ತಿಪರ' ಎಂದು ಘೋಷಿಸಲಾಯಿತು. ಅದರ ಅರ್ಥ, ಅವರು ಇನ್ನು ಮುಂದೆ ಯಾವ ರಗ್ಬಿ ಯೂನಿಯನ್ ತಂಡಕ್ಕೂ ತರಬೇತಿ ಕೊಡುವಂತಿಲ್ಲ, ಆಡಳಿತದಲ್ಲಿ ಭಾಗವಹಿಸುವಂತಿಲ್ಲ. ಹನ್ನೊಂದು ವರ್ಷ ಬಿಡುವಿಲ್ಲದೆ ದೇಶಕ್ಕಾಗಿ ಆಡಿದವನು ತನ್ನ ಬದುಕಿನ ಕಥೆ ಬರೆದದ್ದೇ ಅಪರಾಧವಾಯಿತು. ವೇಲ್ಸ್‌ನ ಹುಡುಗರಿಗೆ ಪಾಸ್ ಮಾಡುವುದನ್ನು ಕಲಿಸಬಲ್ಲ ಅತ್ಯುತ್ತಮ ವ್ಯಕ್ತಿಯನ್ನು ವೇಲ್ಸ್‌ನ ಮೈದಾನಗಳಿಂದ ಹೊರಗಿಟ್ಟ ಆ ನಿಯಮ ಅನ್ಯಾಯದ್ದು, ಮೂರ್ಖತನದ್ದು. ವರ್ಷಗಳ ನಂತರ ನಿಯಮ ಸಡಿಲವಾಯಿತು. ಕಾರ್ಡಿಫ್ ತಂಡದ ನಿರ್ದೇಶಕ ಮಂಡಳಿಯಲ್ಲೂ ಅವರು ಕುಳಿತರು. ಆದರೆ ಅವರ ಜ್ಞಾನ ಹೊಸದಾಗಿದ್ದಾಗ ಕಳೆದುಹೋದ ವರ್ಷಗಳು ಮರಳಿ ಬರಲಿಲ್ಲ.

ಅವರು ದೂರದರ್ಶನದಲ್ಲಿ ಇಂಗ್ಲಿಷ್‌ನಲ್ಲೂ ವೆಲ್ಷ್‌ನಲ್ಲೂ ಆಟದ ವಿಶ್ಲೇಷಕರಾದರು. ಮೀನು ಹಿಡಿಯುವುದು ಅವರ ಇನ್ನೊಂದು ಮೋಹ. 1990ರಲ್ಲಿ ಲಾಂಡೆಗ್ವೆಥ್ ಜಲಾಶಯದಲ್ಲಿ ಸುಮಾರು 20 ಕಿಲೋ ತೂಕದ ಪೈಕ್ ಮೀನು ಹಿಡಿದು ಆ ಕಾಲದ ಬ್ರಿಟಿಷ್ ದಾಖಲೆಯನ್ನೇ ಬರೆದರು. 2015ರಲ್ಲಿ 'ಸರ್' ಪದವಿ ಬಂತು. ಕಾರ್ಡಿಫ್ ನಗರದ ಮಾರುಕಟ್ಟೆ ಸಂಕೀರ್ಣವೊಂದರಲ್ಲಿ ಅವರ ಪ್ರತಿಮೆಯಿದೆ, ಬಗ್ಗಿ ಚೆಂಡು ದಾಟಿಸುತ್ತಿರುವ ಭಂಗಿಯಲ್ಲಿ. ಜೊತೆಗಾರರಲ್ಲಿ ಫಿಲ್ ಬೆನೆಟ್ 2022ರಲ್ಲಿ, ಜೆ.ಪಿ.ಆರ್. ವಿಲಿಯಮ್ಸ್ ಮತ್ತು ಬ್ಯಾರಿ ಜಾನ್ 2024ರಲ್ಲಿ ತೀರಿಕೊಂಡರು.

ಇಂದಿನ ವೇಲ್ಸ್, ನಾಳಿನ ಪಾಠ

ವೇಲ್ಸ್ ರಗ್ಬಿ ಈಗ ಕಷ್ಟದಲ್ಲಿದೆ. 2023ರ ವಿಶ್ವಕಪ್ ಕ್ವಾರ್ಟರ್ ಫೈನಲ್‌ನಿಂದ ಆರಂಭಿಸಿ ಸತತ 18 ಟೆಸ್ಟ್ ಸೋತ ತಂಡ, 2025ರ ಜುಲೈ 12ರಂದು ಜಪಾನ್ ವಿರುದ್ಧ ಗೆದ್ದು ಉಸಿರು ಬಿಟ್ಟಿತು. ಅದು ಎಡ್ವರ್ಡ್ಸ್ ಅವರ 78ನೇ ಹುಟ್ಟುಹಬ್ಬದ ದಿನವೂ ಆಗಿತ್ತು. ಹಣದ ಕೊರತೆ, ಆಡಳಿತದ ಜಗಳ, ವೃತ್ತಿಪರ ತಂಡಗಳ ಸಂಖ್ಯೆ ಎಷ್ಟಿರಬೇಕೆಂಬ ವಿವಾದ, ಹೀಗೆ ಕಾರಣಗಳ ಪಟ್ಟಿ ಉದ್ದವಿದೆ. ಗಣಿಗಳು ಮುಚ್ಚಿವೆ. ಗಣಿ, ಮಂದಿರ, ಕ್ಲಬ್ ಮೂರೂ ಸೇರಿ ಹಿಡಿದಿಟ್ಟಿದ್ದ ಊರುಗಳು ಚದುರಿವೆ. ಹಳೆಯ ಕಾಲ ಹಾಗೆಯೇ ಮರಳಬೇಕೆಂದು ಬಯಸುವುದು ತಪ್ಪು. ಗಣಿಯ ದೂಳಿಗೆ ಶ್ವಾಸಕೋಶ ಕೊಟ್ಟವರಾರೂ ಅದನ್ನು ಬಯಸುವುದಿಲ್ಲ. ಹವ್ಯಾಸಿ ಆಟದ ಆ ಕ್ರೂರ ಕಟ್ಟಳೆಯೂ ಮರಳಬೇಕಿಲ್ಲ.

ಮರಳಬೇಕಾದದ್ದು ಒಂದೇ. ಶಾಲೆಯ ಅಂಗಳದಲ್ಲಿ ಮಕ್ಕಳ ಆಟವನ್ನು ಕಣ್ಣಿಟ್ಟು ನೋಡುವ, ಕೈಹಿಡಿದು ತಿದ್ದುವ, ತನ್ನಿಂದ ಸಾಧ್ಯವಾಗದ್ದನ್ನು ಇನ್ನೊಬ್ಬರಿಂದ ಕೊಡಿಸಲು ಪತ್ರ ಬರೆಯುವ ಮೇಷ್ಟ್ರು. ಎಡ್ವರ್ಡ್ಸ್‌ಗೆ ಪ್ರತಿಭೆ ಹುಟ್ಟಿನಿಂದ ಬಂತು, ದುಡಿಮೆಯಿಂದ ಬೆಳೆಯಿತು. ಆದರೆ ಬಿಲ್ ಸ್ಯಾಮ್ಯುಯೆಲ್ ಆ ಪತ್ರಗಳನ್ನು ಬರೆಯದಿದ್ದರೆ ಅದು ಪೊಂಟರ್‌ಡಾವೆಯ ಆಚೆ ಹೋಗುತ್ತಿತ್ತೇ ಎಂದು ಯಾರೂ ಖಚಿತವಾಗಿ ಹೇಳಲಾರರು. ಹಾಗಾಗಿ ಓದುಗರಲ್ಲಿ ಒಂದು ಮನವಿ. ಯಾವ ಆಟಗಾರನ ಜೀವನಚರಿತ್ರೆ ಕೈಗೆ ಬಂದರೂ ಪದಕಗಳ ಪುಟಕ್ಕೆ ಹಾರಬೇಡಿ. ಮೊದಲ ಅಧ್ಯಾಯದಲ್ಲಿ ಬರುವ ಪಿ.ಟಿ. ಮೇಷ್ಟ್ರ ಹೆಸರನ್ನು ಗುರುತು ಹಾಕಿಕೊಳ್ಳಿ. ನಿಮ್ಮ ಮಕ್ಕಳ ಶಾಲೆಯಲ್ಲಿ ಅಂಥವರೊಬ್ಬರಿದ್ದರೆ ಇಂದೇ ಹೋಗಿ ಅವರನ್ನು ಮಾತನಾಡಿಸಿ. ಇಲ್ಲದಿದ್ದರೆ, ಯಾಕಿಲ್ಲ ಎಂದು ಶಾಲೆಯವರನ್ನು ಕೇಳಿ.